ಹೊಟ್ಟೆಯೊಳಗಿನ ಮಗುವಿಗೆ ನಳಿಕೆ ಹಾಕಿದರೆ ಕಿಡ್ನಿ ಉಳಿಯುತ್ತವೆಯೇ?

ಪ್ರಶ್ನೆ: ನಮ್ಮದು ಶಿಗ್ಗಾವಿ ಹತ್ತಿರದ ಹಳ್ಳಿ. ತಂಗಿಗೆ ಇದು ಮೊದಲ ಬಸಿರು, ಈಗ 21 ವಾರ. ಹಾವೇರಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಮಗುವಿನ ಮೂತ್ರಚೀಲ ದೊಡ್ಡದಾಗಿದೆ, ಖಾಲಿಯಾಗುತ್ತಿಲ್ಲ, ಎರಡೂ ಕಿಡ್ನಿ ಊದಿವೆ ಎಂದರು. ಒಂದು ಕಡೆ 9 ಮಿಲಿಮೀಟರ್, ಇನ್ನೊಂದು ಕಡೆ 8 ಎಂದು ಬರೆದಿದ್ದಾರೆ. ಕಿಡ್ನಿ ಸ್ವಲ್ಪ ಬೆಳ್ಳಗೆ ಕಾಣುತ್ತವೆ, ಗುಳ್ಳೆಗಳಿಲ್ಲ, ಸುತ್ತಲಿನ ನೀರು ಕಡಿಮೆಯ ಅಂಚಿನಲ್ಲಿದೆ ಎಂದೂ ಇದೆ. ಬೆಂಗಳೂರಿನಲ್ಲಿ ಹೊಟ್ಟೆಯಲ್ಲೇ ಮಗುವಿಗೆ ನಳಿಕೆ ಹಾಕುತ್ತಾರಂತೆ. ಹಾಕಿಸಿದರೆ ಕಿಡ್ನಿ ಉಳಿಯುತ್ತವೆಯೇ? ಹುಟ್ಟಿದ ಮೇಲೆ ಆಪರೇಷನ್ ಮಾಡಿಸಿದರೆ ಆಗದೇ? ಮುಂದಿನ ತಿಂಗಳು ಕುಬಸ ಇಟ್ಟುಕೊಂಡಿದ್ದೇವೆ. ಬೀಗರ ಮನೆಯವರು, ಅವಳು ನೀರು ಸರಿಯಾಗಿ ಕುಡಿಯಲಿಲ್ಲ, ಗ್ರಹಣದ ದಿನ ಹೊರಗೆ ಬಂದಳು, ಅದಕ್ಕೇ ಹೀಗಾಯಿತು ಅನ್ನುತ್ತಿದ್ದಾರೆ. ಮುಂದಿನ ಮಗುವಿಗೂ ಹೀಗಾಗುತ್ತದೆಯೇ?

ಉತ್ತರ: ಕೊನೆಯಲ್ಲಿ ಬರೆದ ಮಾತಿಗೇ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ತಂಗಿಯ ಕಿವಿಗೆ ಇದು ಇವತ್ತೇ ಬೀಳಬೇಕು. ಇದು ಅವಳ ತಪ್ಪಲ್ಲ. ಮಗುವಿನ ಮೂತ್ರದ ದಾರಿ ರೂಪುಗೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳಲ್ಲಿ. ಬಸಿರು ಗೊತ್ತಾಗಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಈ ತೊಂದರೆಯ ಬೀಜ ಬಿದ್ದಿರುತ್ತದೆ. ತಾಯಿ ಎಷ್ಟು ನೀರು ಕುಡಿದಳು, ಗ್ರಹಣದ ದಿನ ಎಲ್ಲಿದ್ದಳು, ಯಾವ ಭಾರ ಎತ್ತಿದಳು ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವಳು ಈಗ ಇನ್ನೂ ನಾಲ್ಕು ತಂಬಿಗೆ ನೀರು ಕುಡಿದರೂ ಈ ಅಡ್ಡಿ ಬಿಡುವುದಿಲ್ಲ. ಬೀಗರಿಗೆ ಇದನ್ನು ನೀವೇ ಹೇಳಿ. ಅಣ್ಣ ಹೇಳಿದರೆ ಆಕೆಗೆ ಒಂದು ಆಸರೆ ಸಿಕ್ಕಂತಾಗುತ್ತದೆ.

ಇನ್ನು ನಳಿಕೆಯ ವಿಷಯ. ಚಿಕ್ಕ ಉತ್ತರ ಇಷ್ಟೇ: ನಳಿಕೆ ಮುಖ್ಯವಾಗಿ ಉಳಿಸುವುದು ಮಗುವಿನ ಶ್ವಾಸಕೋಶವನ್ನು. ಕಿಡ್ನಿಗಳನ್ನು ಉಳಿಸುತ್ತದೆಯೋ ಇಲ್ಲವೋ ಎನ್ನುವುದು, ನಳಿಕೆ ಹಾಕುವ ದಿನ ಆ ಕಿಡ್ನಿಗಳಲ್ಲಿ ಎಷ್ಟು ಜೀವ ಉಳಿದಿದೆ ಎನ್ನುವುದರ ಮೇಲೆ ನಿಂತಿದೆ. ಅದಕ್ಕೇ 'ಹಾಕಿಸಬೇಕೋ ಬೇಡವೋ' ಎಂದು ಈಗಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. 'ಈ ಕಿಡ್ನಿಗಳು ಈಗ ಎಂಥ ಸ್ಥಿತಿಯಲ್ಲಿವೆ' ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದಕ್ಕೆ ದಾರಿ ಇದೆ, ಆದರೆ ಸಮಯ ಕಡಿಮೆ ಇದೆ. ಈ ವಾರದೊಳಗೆ ಹೊರಡಿ.

ಯಾಕೆ ಹೀಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಡಾಕ್ಟರ್ ಎದುರು ಕೂತಾಗ ನಿಮಗೇ ಅನುಕೂಲ.

ಮಗುವಿನ ಕಿಡ್ನಿ ಬೆಳೆಯಲು ಶುರುವಾಗುವುದು ಐದನೇ ವಾರದ ಸುಮಾರಿಗೆ. ಒಂದು ಸಣ್ಣ ಮೊಳಕೆ ಕವಲೊಡೆಯುತ್ತಾ ಹೋಗುತ್ತದೆ. ಪ್ರತಿ ಕವಲಿನ ತುದಿಯಲ್ಲೂ ನೆಫ್ರಾನ್ ಎಂಬ ಸೋಸುವ ಘಟಕಗಳು ಹುಟ್ಟುತ್ತವೆ. ರಕ್ತ ಸೋಸಿ ಮೂತ್ರ ಮಾಡುವುದು ಇವೇ. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನ್ ಇರುತ್ತವೆ. ಆದರೆ ಮನುಷ್ಯರಿಂದ ಮನುಷ್ಯರಿಗೆ ಬಹಳ ವ್ಯತ್ಯಾಸ ಇದೆ, 2 ಲಕ್ಷದಿಂದ 20 ಲಕ್ಷದವರೆಗೂ ಇರಬಹುದು. ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 34ರಿಂದ 36 ವಾರಕ್ಕೆ ಈ ಕೆಲಸ ನಿಂತುಹೋಗುತ್ತದೆ. ಆಮೇಲೆ ಜೀವಮಾನದಲ್ಲಿ ಒಂದೇ ಒಂದು ಹೊಸ ನೆಫ್ರಾನ್ ಹುಟ್ಟುವುದಿಲ್ಲ. ಇದ್ದವು ದೊಡ್ಡದಾಗಬಹುದು, ಅಷ್ಟೇ.

ಮೂತ್ರ ತಯಾರಾಗುವುದು ಹತ್ತನೇ ವಾರದ ಆಸುಪಾಸಿನಲ್ಲಿ ಶುರು. ಮಗು ಆ ಮೂತ್ರವನ್ನು ಸುತ್ತಲಿನ ನೀರಿಗೇ ಬಿಡುತ್ತದೆ. ಕೇಳಿದವರಿಗೆ ವಿಚಿತ್ರ ಅನಿಸಬಹುದು, ಆದರೆ 16 ವಾರದ ನಂತರ ಮಗುವಿನ ಸುತ್ತ ಇರುವ ನೀರಿನ ಬಹುಪಾಲು ಮಗುವಿನ ಮೂತ್ರವೇ. ಅದು ಕೊಳಕಲ್ಲ. ದೇಹದ ಕಸ ತೆಗೆಯುವ ಕೆಲಸ ಆಗ ತಾಯಿಯ ಮಾಸಿನದ್ದು. ಮಗು ಅದೇ ನೀರನ್ನು ಕುಡಿಯುತ್ತದೆ, ಎದೆಗೆ ಎಳೆದುಕೊಳ್ಳುತ್ತದೆ, ಅದರಲ್ಲೇ ಕೈಕಾಲು ಆಡಿಸುತ್ತದೆ. ಶ್ವಾಸಕೋಶ ಹಿಗ್ಗಿ ಬೆಳೆಯಲು ಈ ನೀರು ಬೇಕೇ ಬೇಕು. ಅದರಲ್ಲೂ 16ರಿಂದ 26 ವಾರದ ನಡುವೆ. ಈ ಹೊತ್ತಿನಲ್ಲಿ ನೀರು ಪೂರ್ತಿ ಬತ್ತಿದರೆ ಶ್ವಾಸಕೋಶ ಸಣ್ಣದಾಗಿಯೇ ಉಳಿಯುತ್ತದೆ. ಅಂಥ ಮಗು ಹುಟ್ಟಿದ ಮೊದಲ ಗಂಟೆಗಳಲ್ಲೇ ಉಸಿರಿಗೆ ಒದ್ದಾಡುತ್ತದೆ. ಮೂತ್ರದ ದಾರಿ ಪೂರ್ತಿ ಕಟ್ಟಿಕೊಂಡ ಮಕ್ಕಳಲ್ಲಿ ಹುಟ್ಟಿದ ಕೂಡಲೇ ಜೀವ ಹೋಗುವುದು ಸಾಮಾನ್ಯವಾಗಿ ಕಿಡ್ನಿಯಿಂದಲ್ಲ, ಶ್ವಾಸಕೋಶದಿಂದ.

ನಿಮ್ಮ ತಂಗಿಯ ಮಗುವಿನಲ್ಲಿ ಅಡ್ಡಿ ಇರುವುದು ಮೂತ್ರಚೀಲದ ಕೆಳಗೆ ಇರಬೇಕು. ಒಂದೇ ಕಿಡ್ನಿ ಊದಿ, ಮೂತ್ರಚೀಲ ಸರಿ ಇದ್ದು, ನೀರೂ ಸರಿ ಇದ್ದಿದ್ದರೆ ನಾನು ಇಷ್ಟು ಅವಸರ ಮಾಡುತ್ತಿರಲಿಲ್ಲ. ಅಂಥವು ನೂರು ಬಸಿರಿನಲ್ಲಿ ಒಂದರಿಂದ ಐದರವರೆಗೆ ಕಾಣುತ್ತವೆ, ಬಹಳಷ್ಟು ತಾವಾಗಿಯೇ ಸರಿಹೋಗುತ್ತವೆ. ಅದಕ್ಕೆ ಹೊಟ್ಟೆಯಲ್ಲಿ ಯಾವ ಚಿಕಿತ್ಸೆಯೂ ಬೇಡ. ಇದನ್ನು ಓದುತ್ತಿರುವ ಬೇರೆ ತಾಯಂದಿರು, ರಿಪೋರ್ಟಿನಲ್ಲಿ 'ಒಂದು ಕಿಡ್ನಿ 5 ಮಿಲಿಮೀಟರ್' ಎಂದಿದ್ದರೆ ದಯವಿಟ್ಟು ಈ ಉತ್ತರವನ್ನು ತಮ್ಮದೆಂದು ಭಾವಿಸಿ ಹೆದರಬೇಡಿ. ಈ ಅಂಕಿ ಕಿಡ್ನಿಯ ಗಾತ್ರವಲ್ಲ, ಕಿಡ್ನಿಯೊಳಗೆ ಮೂತ್ರ ಸೇರುವ ಜಾಗದ ಅಗಲ. 28 ವಾರದೊಳಗೆ ಅದು 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಹಜ. 4ರಿಂದ 7ರ ನಡುವೆ ಇದ್ದು ಬೇರೇನೂ ಕಾಣದಿದ್ದರೆ ಮುಂದೊಂದು ಸ್ಕ್ಯಾನ್ ಸಾಕು. ಈ ಮಗುವಿನಲ್ಲಿ ಎರಡೂ ಕಡೆ 7 ದಾಟಿದೆ, ಮೂತ್ರಚೀಲ ಖಾಲಿಯಾಗುತ್ತಿಲ್ಲ, ನೀರು ಕಡಿಮೆಯ ಅಂಚಿನಲ್ಲಿದೆ. ಮೂರೂ ಒಟ್ಟಿಗೆ ಬಂದಾಗ ಸುಮ್ನೆ ಕಾಯುವಂತಿಲ್ಲ.

ಇಂಥ ಅಡ್ಡಿಗೆ ಕಾರಣಗಳು ಹಲವು. ಮೂತ್ರದ ದಾರಿಯಲ್ಲಿ ತೆಳುವಾದ ಪೊರೆ ಕವಾಟದಂತೆ ನಿಂತಿರಬಹುದು, ದಾರಿಯೇ ತೆರೆಯದೆ ಮುಚ್ಚಿರಬಹುದು, ಹೊಟ್ಟೆಯ ಸ್ನಾಯು ಮತ್ತು ಮೂತ್ರಚೀಲ ಬಲಹೀನವಾಗಿರಬಹುದು. ಕೆಲವು ಕಾರಣಗಳು ಗಂಡು ಮಕ್ಕಳಲ್ಲಷ್ಟೇ ಬರುತ್ತವೆ, ಇನ್ನು ಕೆಲವು ಹೆಣ್ಣು ಮಕ್ಕಳಲ್ಲೂ ಬರುತ್ತವೆ. ಹಾಗಾಗಿ ಇದನ್ನು ಹಿಡಿದುಕೊಂಡು ಮಗು ಯಾವುದು ಎಂದು ಮನೆಯಲ್ಲಿ ಲೆಕ್ಕ ಹಾಕಬೇಡಿ. ಡಾಕ್ಟರನ್ನು ಕೇಳಲೂ ಬೇಡಿ. 1994ರ ಕಾನೂನಿನ ಪ್ರಕಾರ ಅವರು ಹೇಳುವಂತಿಲ್ಲ. ಹೆಚ್ಚಿನ ತಜ್ಞರು ಅದಕ್ಕೇ ರಿಪೋರ್ಟಿನಲ್ಲಿ 'ಮೂತ್ರಚೀಲದ ಕೆಳಗೆ ಅಡ್ಡಿ' ಎಂದಷ್ಟೇ ಬರೆಯುತ್ತಾರೆ. ಈಗ ಮಾಡಬೇಕಾದ ಯಾವ ಪರೀಕ್ಷೆಗೂ ನಿಮಗೆ ಆ ಉತ್ತರ ಬೇಕಾಗಿಲ್ಲ.

ಅಡ್ಡಿ ಬಂದಾಗ ಕಿಡ್ನಿಗೆ ಆಗುವುದೇನು? ಮೂತ್ರ ಹಿಂದಕ್ಕೆ ಒತ್ತುತ್ತದೆ. ಆ ಒತ್ತಡ ಬೆಳೆಯುತ್ತಿರುವ ಕವಲುಗಳ ತುದಿಯವರೆಗೂ ಹೋಗುತ್ತದೆ. ಹೊಸ ನೆಫ್ರಾನ್ ಹುಟ್ಟುವುದು ಕಿಡ್ನಿಯ ಹೊರ ಅಂಚಿನಲ್ಲಿ. ಅಲ್ಲಿನ ಕೋಶಗಳು ಸಾಯತೊಡಗುತ್ತವೆ. ಅವು ಸತ್ತ ಜಾಗದಲ್ಲಿ ಗಾಯದ ಕಲೆಯಂಥ ನಾರು ತುಂಬಿಕೊಳ್ಳುತ್ತದೆ, ಕೆಲವೊಮ್ಮೆ ನೀರಿನ ಗುಳ್ಳೆಗಳು ಏಳುತ್ತವೆ. ಸ್ಕ್ಯಾನಿನಲ್ಲಿ ಕಿಡ್ನಿ 'ಬೆಳ್ಳಗೆ' ಕಾಣುವುದು ಈ ಬದಲಾವಣೆಯ ಸುಳಿವು. ಗುಳ್ಳೆ ಕಂಡರೆ ಹಾನಿ ಆಳಕ್ಕೆ ಇಳಿದಿದೆ ಎಂದು ಅರ್ಥ. ನಿಮ್ಮ ರಿಪೋರ್ಟಿನಲ್ಲಿ ಗುಳ್ಳೆ ಇಲ್ಲ ಎಂದಿರುವುದು ಒಳ್ಳೆಯ ಮಾತು. ಆದರೆ ಗುಳ್ಳೆ ಇಲ್ಲ ಎಂದ ಮಾತ್ರಕ್ಕೆ ಹಾನಿಯೇ ಇಲ್ಲ ಎಂದೂ ಹೇಳಲಾಗದು.

ನೀವು ಹೊಲದ ಊರಿನವರು, ಹೀಗೆ ಹೇಳಿದರೆ ಹತ್ತಿರವಾದೀತು. ಬಿತ್ತಿದ ಹೊಲದಲ್ಲಿ ಮಳೆ ನೀರು ನಿಂತರೆ ಬದು ಒಡೆದು ಹೊರಗೆ ಬಿಡುತ್ತೀರಿ. ಬೇಗ ಬಿಟ್ಟರೆ ಉಳಿದ ಬೀಜ ಮೊಳಕೆ ಒಡೆಯುತ್ತದೆ, ನಿಂತ ಸಸಿ ಚೇತರಿಸಿಕೊಳ್ಳುತ್ತದೆ. ತಡವಾಗಿ ಬಿಟ್ಟರೆ ನೀರೇನೋ ಹೋಗುತ್ತದೆ, ಕೊಳೆತ ಬೀಜ ಮಾತ್ರ ಏಳುವುದಿಲ್ಲ. ಕಿಡ್ನಿಯ ಕಥೆಯೂ ಇಷ್ಟೇ.

ಇದು ಊಹೆಯಲ್ಲ. ಕುರಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕುರಿಯ ಗಬ್ಬ ಸುಮಾರು 145 ದಿನ. ಮೊದಲ ಅರ್ಧದಲ್ಲಿ ಮೂತ್ರದ ದಾರಿ ಕಟ್ಟಿದ ಮರಿಗಳ ಕಿಡ್ನಿ ರೂಪವೇ ಕೆಟ್ಟು ಬೆಳೆದವು. ಕೊನೆಗೆ ಕಟ್ಟಿದ ಮರಿಗಳಲ್ಲಿ ಕಿಡ್ನಿ ಊದಿದವು, ಆದರೆ ಒಳಗಿನ ಕಟ್ಟಣೆ ಬಹುಮಟ್ಟಿಗೆ ಉಳಿಯಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಕ್ಕಳ ಶಸ್ತ್ರತಜ್ಞ ಮೈಕೆಲ್ ಹ್ಯಾರಿಸನ್ ಅವರ ತಂಡ, ಕಟ್ಟಿದ ದಾರಿಯನ್ನು ಗರ್ಭದಲ್ಲೇ ಬಿಡಿಸಿ ನೋಡಿತು. ಬೇಗ ಬಿಡಿಸಿದಷ್ಟೂ ಕಿಡ್ನಿಯ ಹಾನಿ ಕಡಿಮೆ ಇತ್ತು, ಶ್ವಾಸಕೋಶವೂ ಬೆಳೆಯಿತು. ಅದೇ ತಂಡ ತಾಯಿಯ ಗರ್ಭಕೋಶ ತೆರೆದು, ಮೂತ್ರ ಕಟ್ಟಿಕೊಂಡಿದ್ದ ಮಗುವಿಗೆ ಆಪರೇಷನ್ ಮಾಡಿ, ಅದನ್ನು 1982ರಲ್ಲಿ ವರದಿ ಮಾಡಿತು. ಆಪರೇಷನ್ ಆಯಿತು, ಆದರೆ ಹುಟ್ಟಿದ ಮೇಲೆ ಆ ಮಗು ಬದುಕಲಿಲ್ಲ. ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ಯಾವ ಮಗುವಿಗೆ ಇದರಿಂದ ಉಪಯೋಗ, ಯಾವುದಕ್ಕೆ ಇಲ್ಲ ಎಂದು ಆರಿಸುವ ವಿದ್ಯೆ ಬೆಳೆದದ್ದು ಆಮೇಲೆ.

ಆ ಆರಿಸುವ ಕೆಲಸ ಈಗ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಮೊದಲು ಫೀಟಲ್ ಮೆಡಿಸಿನ್ ತಜ್ಞರು, ಅಂದರೆ ಹೊಟ್ಟೆಯೊಳಗಿನ ಮಗುವನ್ನೇ ನೋಡುವ ತಜ್ಞರು, ವಿವರವಾಗಿ ಸ್ಕ್ಯಾನ್ ಮಾಡುತ್ತಾರೆ. ಹೃದಯ, ಬೆನ್ನುಹುರಿ, ಕರುಳು ಎಲ್ಲವನ್ನೂ ನೋಡುತ್ತಾರೆ. ಕಿಡ್ನಿಯ ಹೊರ ಅಂಚಿನ ದಪ್ಪ, ಗುಳ್ಳೆ, ಬಿಳಿಚು ಬಣ್ಣ ನೋಡುತ್ತಾರೆ. ನೀರಿನ ಅತಿ ಆಳದ ಜಾಗ ಎಷ್ಟು ಸೆಂಟಿಮೀಟರ್ ಎಂದು ಅಳೆಯುತ್ತಾರೆ. 2ಕ್ಕಿಂತ ಕಡಿಮೆ ಆದರೆ ನೀರು ಇಳಿದಿದೆ ಎಂದೇ ಲೆಕ್ಕ. ನಿಮ್ಮ ರಿಪೋರ್ಟಿನಲ್ಲಿ ಆ ಅಂಕಿ ಇದ್ದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಪ್ರತಿ ಸ್ಕ್ಯಾನಿನ ಅಂಕಿಯನ್ನೂ ಅದರ ಕೆಳಗೆ ಸೇರಿಸುತ್ತಾ ಹೋಗಿ. ಒಂದು ದಿನದ ಚಿತ್ರಕ್ಕಿಂತ ಇಳಿಯುತ್ತಿದೆಯೋ ನಿಂತಿದೆಯೋ ಎನ್ನುವುದು ಜಾಸ್ತಿ ಹೇಳುತ್ತದೆ.

ಆಮೇಲೆ ವರ್ಣತಂತುಗಳ, ಅಂದರೆ ಕ್ರೋಮೋಸೋಮುಗಳ ಪರೀಕ್ಷೆ. ಇಂಥ ಮಕ್ಕಳಲ್ಲಿ ಕೆಲವರಿಗೆ ವರ್ಣತಂತುಗಳಲ್ಲೇ ದೋಷ ಇರುತ್ತದೆ. ಅದಿದ್ದರೆ ನಳಿಕೆಯ ಮಾತೇ ಬೇರೆಯಾಗುತ್ತದೆ. ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಮೂರನೆಯದು ಮಗುವಿನ ಮೂತ್ರದ ಪರೀಕ್ಷೆ. ನನ್ನ ಪ್ರಕಾರ ಕಿಡ್ನಿಯ ಬಗ್ಗೆ ಅತಿ ಹತ್ತಿರದ ಸುಳಿವು ಕೊಡುವುದು ಇದೇ. ಸ್ಕ್ಯಾನ್ ನೋಡುತ್ತಾ, ತಾಯಿಯ ಹೊಟ್ಟೆಯ ಮೂಲಕ ತೆಳು ಸೂಜಿ ಹಾಕಿ, ಮಗುವಿನ ಮೂತ್ರಚೀಲದಿಂದ ಮೂತ್ರ ತೆಗೆಯುತ್ತಾರೆ. ಒಂದು ಸಲ ತೆಗೆದರೆ ಸಾಲದು. ಮೊದಲ ಸಲ ಬರುವುದು ವಾರಗಟ್ಟಲೆ ನಿಂತ ಹಳೆಯ ಮೂತ್ರ. ಒಂದೆರಡು ದಿನ ಬಿಟ್ಟು ಮತ್ತೆ ತೆಗೆದಾಗ ಕಿಡ್ನಿ ಈಗ ಮಾಡುತ್ತಿರುವ ಹೊಸ ಮೂತ್ರ ಸಿಗುತ್ತದೆ. ಒಳ್ಳೆಯ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಂಡು ತೆಳು ಮೂತ್ರ ಬಿಡುತ್ತದೆ. ಕೆಟ್ಟ ಕಿಡ್ನಿಯಿಂದ ಉಪ್ಪು ಸೋರುತ್ತದೆ. ಸೋಡಿಯಂ 100ಕ್ಕಿಂತ ಕಡಿಮೆ, ಕ್ಲೋರೈಡ್ 90ಕ್ಕಿಂತ ಕಡಿಮೆ ಇದ್ದರೆ ಭರವಸೆ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಕಡಿಮೆ ಇದ್ದರೆ ಇನ್ನಷ್ಟು ಭರವಸೆ. ಎರಡನೇ, ಮೂರನೇ ಸಲಕ್ಕೆ ಅಂಕಿಗಳು ಇಳಿಯುತ್ತಾ ಬಂದರೆ ಕಿಡ್ನಿಯಲ್ಲಿ ಇನ್ನೂ ಕಸುವಿದೆ ಎಂದು ತಿಳಿಯುತ್ತೇವೆ. ಈ ಅಂಕಿಗಳು ಭವಿಷ್ಯವಾಣಿಯಲ್ಲ. ಒಳ್ಳೆಯ ಅಂಕಿ ಇದ್ದೂ ಮುಂದೆ ಕಿಡ್ನಿ ಸೋತ ಮಕ್ಕಳಿದ್ದಾರೆ. ಆದರೂ ಇದಿಲ್ಲದೆ ನಳಿಕೆ ಹಾಕುವುದು ಕತ್ತಲಲ್ಲಿ ಕೈ ಹಾಕಿದಂತೆ.

ಇಷ್ಟೆಲ್ಲ ನೋಡಿದ ಮೇಲೆ ದಾರಿ ಮೂರರಲ್ಲಿ ಒಂದಾಗುತ್ತದೆ. ನೀರು ಸಾಕಷ್ಟಿದ್ದು, ಮೂತ್ರ ಸ್ವಲ್ಪವಾದರೂ ಹೊರಗೆ ಹೋಗುತ್ತಿದ್ದರೆ ನಳಿಕೆ ಬೇಡ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ನೋಡುತ್ತಾ ಹೋಗುವುದು, ಹುಟ್ಟಿದ ಮೇಲೆ ಆಪರೇಷನ್. ನೀರು ಇಳಿದಿದ್ದು ಮೂತ್ರದ ಅಂಕಿ ಚೆನ್ನಾಗಿದ್ದರೆ ನಳಿಕೆಯ ವಿಚಾರ. ಕಿಡ್ನಿ ತುಂಬ ಗುಳ್ಳೆ, ಅಂಕಿಗಳೂ ಕೆಟ್ಟವು, ನೀರು ಪೂರ್ತಿ ಬತ್ತಿದೆ ಎಂದಾದರೆ ನಳಿಕೆಯಿಂದ ಕಿಡ್ನಿ ಏಳುವುದಿಲ್ಲ. ನೀವು ಬರೆದಿದ್ದನ್ನು ನೋಡಿದರೆ ಈ ಮಗು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇದೆ. ಅದಕ್ಕೇ ನನಗೆ ಅವಸರ. ನಡುವೆ ಇರುವ ಮಗು ಎರಡು ವಾರದಲ್ಲಿ ಯಾವ ಕಡೆಗಾದರೂ ಹೊರಳಬಹುದು.

ನಳಿಕೆ ಎನ್ನುವುದು ಎರಡೂ ತುದಿ ಸುರುಳಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಕೊಳವೆ. ಶಂಟ್ ಎನ್ನುತ್ತಾರೆ. ತಾಯಿಗೆ ಹೊಟ್ಟೆಯ ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತಾ ದಪ್ಪ ಸೂಜಿಯ ಮೂಲಕ ಕೊಳವೆಯನ್ನು ಒಳಗೆ ತಳ್ಳುತ್ತಾರೆ. ಒಂದು ಸುರುಳಿ ಮಗುವಿನ ಮೂತ್ರಚೀಲದೊಳಗೆ, ಇನ್ನೊಂದು ಹೊರಗಿನ ನೀರಿನಲ್ಲಿ. ಮೂತ್ರ ಅದರ ಮೂಲಕ ಹೊರಗೆ ಹರಿಯುತ್ತದೆ. ಸುತ್ತ ನೀರೇ ಇಲ್ಲದಿದ್ದರೆ ಕೊಳವೆ ಬಿಡಲು ಜಾಗ ಬೇಕಲ್ವಾ, ಅದಕ್ಕೆ ಮೊದಲು ಸಲೈನ್ ತುಂಬುತ್ತಾರೆ. ತಾಯಿಯ ಹೊಟ್ಟೆ ಕೊಯ್ಯುವುದಿಲ್ಲ.

ಅಪಾಯಗಳು ಸಣ್ಣವಲ್ಲ. ಮಗು ಹೊರಳುತ್ತದೆ, ಕಾಲಾಡಿಸುತ್ತದೆ, ಕೊಳವೆ ಜಾರಿಬಿಡುತ್ತದೆ ಅಥವಾ ಕಟ್ಟಿಕೊಳ್ಳುತ್ತದೆ. ಇದು ಅಪರೂಪವಲ್ಲ, ಎರಡನೇ ಸಲ ಹಾಕಬೇಕಾದವರು ಬಹಳ ಜನ ಇದ್ದಾರೆ. ನೀರಿನ ಚೀಲ ಒಡೆಯಬಹುದು, ಸೋಂಕು ಬರಬಹುದು, ದಿನ ತುಂಬುವ ಮೊದಲೇ ನೋವು ಬರಬಹುದು. ಮಗು ಕೈ ತಪ್ಪಿಹೋಗುವ ಸಾಧ್ಯತೆಯೂ ಇದೆ. ಸಹಿ ಹಾಕುವ ಮೊದಲು ನಿಮ್ಮ ತಂಗಿ ಇದನ್ನು ತಾನೇ ಕೇಳಿ ತಿಳಿಯಬೇಕು. ಸೂಜಿ ಹೋಗುವುದು ಅವಳ ಹೊಟ್ಟೆಗೆ. ಗಂಡನೂ ಅಣ್ಣನೂ ಮಾತಾಡಿ ಮುಗಿಸುವ ವಿಷಯ ಇದಲ್ಲ.

ಇದರಿಂದ ನಿಜವಾಗಿ ಎಷ್ಟು ಉಪಯೋಗ? ಇಂಗ್ಲೆಂಡಿನ ತಂಡವೊಂದು ನಳಿಕೆ ಹಾಕಿದವರನ್ನೂ ಹಾಕದವರನ್ನೂ ಚೀಟಿ ಎತ್ತಿದಂತೆ ಹಂಚಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪ್ಲೂಟೋ ಎಂದು ಅದರ ಹೆಸರು. 150 ಗರ್ಭಿಣಿಯರು ಬೇಕಿತ್ತು, ಸೇರಿದ್ದು 31 ಮಾತ್ರ. ನಳಿಕೆಯ ಗುಂಪಿನ 16 ಮಕ್ಕಳಲ್ಲಿ 8 ಮಕ್ಕಳು ಹುಟ್ಟಿ 28 ದಿನ ದಾಟಿದವು. ಹಾಕದ ಗುಂಪಿನ 15ರಲ್ಲಿ 4. ಬದುಕುವ ಸಾಧ್ಯತೆ ಹೆಚ್ಚುವಂತೆ ಕಾಣುತ್ತದೆ, ಆದರೆ ಇಷ್ಟು ಸಣ್ಣ ಲೆಕ್ಕದಲ್ಲಿ ಗಟ್ಟಿಯಾಗಿ ಹೇಳಲಾಗದು. ಮನಸ್ಸಿಗೆ ಭಾರವಾಗುವ ಅಂಕಿ ಇನ್ನೊಂದಿದೆ. ಎರಡು ವರ್ಷ ತುಂಬಿದಾಗ ಕಿಡ್ನಿ ಪೂರ್ತಿ ಸರಿ ಇದ್ದದ್ದು ಒಟ್ಟು ಎರಡೇ ಮಕ್ಕಳಿಗೆ.

ಕಿಡ್ನಿಯೇ ಇಲ್ಲದೆ ರೂಪುಗೊಂಡ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನ 2023ರಲ್ಲಿ ಬಂತು. ಅಲ್ಲಿ ಗರ್ಭಕ್ಕೆ ಮತ್ತೆ ಮತ್ತೆ ಸಲೈನ್ ತುಂಬಿದರು. ಜೀವಂತ ಹುಟ್ಟಿದ 17 ಮಕ್ಕಳಲ್ಲಿ 14 ಮಕ್ಕಳು ಎರಡು ವಾರ ದಾಟಿ ಡಯಾಲಿಸಿಸ್ ಹಂತಕ್ಕೆ ಬಂದವು. ಅಂದರೆ ನೀರು ಸಿಕ್ಕಿದ್ದರಿಂದ ಶ್ವಾಸಕೋಶ ಬೆಳೆಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಹೋದದ್ದು 6 ಮಕ್ಕಳು. ನಿಮ್ಮ ಮಗುವಿನ ತೊಂದರೆ ಅದಲ್ಲ, ಹೆದರಬೇಡಿ. ನೀರು ತುಂಬುವುದೇ ಬೇರೆ, ಕಿಡ್ನಿ ಕೆಲಸ ಮಾಡುವುದೇ ಬೇರೆ ಎನ್ನುವುದು ಇದರಿಂದ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಹೇಳಿದೆ. ನಳಿಕೆ ಹಾಕಿದ ಮೇಲೆ ಸ್ಕ್ಯಾನಿನಲ್ಲಿ ನೀರು ತುಂಬಿದ್ದು ಕಂಡು ಮನೆಯವರೆಲ್ಲ 'ಗುಣವಾಯಿತು' ಎಂದುಕೊಳ್ಳುತ್ತಾರೆ. ಆ ಖುಷಿಯನ್ನು ನಾನು ಕಸಿದುಕೊಳ್ಳುವುದಿಲ್ಲ. ಕಿಡ್ನಿಯ ಉತ್ತರ ಮಾತ್ರ ಹುಟ್ಟಿದ ಮೇಲೆಯೇ ಸಿಗುತ್ತದೆ.

ಸೂಜಿಯಂಥ ದುರ್ಬೀನು ಹಾಕಿ, ಮಗುವಿನ ಮೂತ್ರಚೀಲದೊಳಗಿಂದಲೇ ಪೊರೆಯನ್ನು ಲೇಸರಿನಿಂದ ಒಡೆಯುವ ವಿಧಾನವೂ ಇದೆ. ಕೈ ಪಳಗಿದವರು ಕೆಲವೇ ಕೆಲವರು. ಪಕ್ಕದ ಅಂಗಕ್ಕೆ ತೂತು ಬಿದ್ದ ಉದಾಹರಣೆಗಳಿವೆ. ಈಗಲೇ ಅದರ ಹಿಂದೆ ಓಡಬೇಡಿ ಎನ್ನುತ್ತೇನೆ.

ಎಲ್ಲಿಗೆ ಹೋಗಬೇಕು? ಮೊದಲು ಹುಬ್ಬಳ್ಳಿ-ಧಾರವಾಡಕ್ಕೆ ಬನ್ನಿ. ಸ್ಕ್ಯಾನ್ ಇಲ್ಲೇ ಇನ್ನೊಮ್ಮೆ ಆಗಲಿ, ನಳಿಕೆಯ ವಿಚಾರಕ್ಕೆ ಬೆಂಗಳೂರಿಗೆ ಕಳಿಸಬೇಕೋ ಎಂದು ಇಲ್ಲಿನ ಹೆರಿಗೆ ತಜ್ಞರೇ ಹೇಳುತ್ತಾರೆ. ಅವರು ಅಲ್ಲಿಗೆ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿದರೆ ನೀವು ಅಲ್ಲಿ ಹೋಗಿ ಕಾಯುವುದು ತಪ್ಪುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿಲೋಮೀಟರ್ ದೂರ. ನಳಿಕೆ ಹಾಕಿದರೆ ವಾರಕ್ಕೊಂದು ಸ್ಕ್ಯಾನ್ ಬೇಕು, ಅದು ಇಲ್ಲೇ ಆಗುತ್ತದೆ. ಆದರೆ ಹಾಕಿದ ಮೊದಲ ಕೆಲವು ದಿನ ಅಲ್ಲೇ ಹತ್ತಿರ ಉಳಿಯುವ ವ್ಯವಸ್ಥೆ ಮಾಡಿಕೊಂಡು ಹೋಗಿ. ಎಲ್ಲ ಸ್ಕ್ಯಾನಿನ ಚಿತ್ರಗಳು, ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ಕೈಯಲ್ಲಿರಲಿ. ತಂಗಿಯ ರಕ್ತ ನೆಗೆಟಿವ್ ಗುಂಪಿನದಾದರೆ ಸೂಜಿ ಹಾಕುವ ಮೊದಲೇ ಹೇಳಬೇಕು, ಆಗ ಒಂದು ಇಂಜೆಕ್ಷನ್ ಕೊಡಬೇಕಾಗುತ್ತದೆ.

ಹೇಳಲು ಕಷ್ಟವಾದ ಮಾತೊಂದಿದೆ, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಪರೀಕ್ಷೆಗಳ ಉತ್ತರ ತೀರಾ ಕೆಟ್ಟದಾಗಿ ಬಂದರೆ, ಬಸಿರು ಮುಂದುವರಿಸಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾಗಬಹುದು. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ 24 ವಾರ ದಾಟಿದ ಮೇಲೂ, ಮಗುವಿನಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ, ಕಾನೂನು ಅವಕಾಶ ಕೊಡುತ್ತದೆ. ಬೇಗ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಆ ತೀರ್ಮಾನ ನಿಮ್ಮ ತಂಗಿಯದು. ಅವಳು ಏನೇ ನಿರ್ಧರಿಸಿದರೂ ಮನೆಯವರು ಜೊತೆಗೆ ನಿಲ್ಲಿ.

ಈಗ ಮನೆಯಲ್ಲಿ ನೋಡಿಕೊಳ್ಳಬೇಕಾದ್ದು. ಸೊಂಟನೋವು, ತಲೆನೋವು ಎಂದು ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳು 20 ವಾರದ ನಂತರ ಮಗುವಿನ ಕಿಡ್ನಿಗೆ ಹೋಗುವ ರಕ್ತ ತಗ್ಗಿಸುತ್ತವೆ, ನೀರನ್ನೂ ಇಳಿಸುತ್ತವೆ. ಮೊದಲೇ ಸಂಕಟದಲ್ಲಿರುವ ಕಿಡ್ನಿಗೆ ಇದು ಇನ್ನೊಂದು ಪೆಟ್ಟು. ಬಿ.ಪಿ. ಗುಳಿಗೆಯಲ್ಲೂ ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥವು ಬಸಿರಿನಲ್ಲಿ ಕೂಡದು. ನೋವಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ಕೊಡಿ.

'ಬೇಗ ಹೆರಿಗೆ ಮಾಡಿಸಿ ಮಗುವಿಗೆ ಆಪರೇಷನ್ ಮಾಡಿಸೋಣ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಫ್ರಾನ್ ಹುಟ್ಟುವ ಕೆಲಸ 34ರಿಂದ 36 ವಾರದವರೆಗೆ ನಡೆಯುತ್ತದೆ ಎಂದೆನಲ್ಲ. ದಿನ ತುಂಬುವ ಮೊದಲೇ ಹೊರಗೆ ಬಂದರೆ ಆ ಕೆಲಸ ಕೆಲವು ವಾರವಷ್ಟೇ ಕುಂಟುತ್ತಾ ನಡೆದು ನಿಂತುಹೋಗುತ್ತದೆ, ಶ್ವಾಸಕೋಶವೂ ಎಳೆಯದಾಗಿರುತ್ತದೆ. ತೀರಾ ಬೇರೆ ಕಾರಣ ಇಲ್ಲದಿದ್ದರೆ ದಿನ ತುಂಬುವ ತನಕ ಒಳಗೇ ಇರಲಿ. ಈ ತೊಂದರೆ ಒಂದಕ್ಕೇ ಸಿಸೇರಿಯನ್ ಕೂಡ ಬೇಕಾಗಿಲ್ಲ.

ಕುಬಸ ಮಾಡಿ, ಬೇಡ ಎನ್ನಲು ಕಾರಣವಿಲ್ಲ. ಪರೀಕ್ಷೆ ಮುಗಿಸಿಕೊಂಡು ಮಾಡಿ. ಆದರೆ ಮೊದಲ ಹೆರಿಗೆ ತವರಲ್ಲೇ ಆಗಬೇಕು ಎಂದು ಹಳ್ಳಿಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಡಿ. ಎಳೆ ಮಕ್ಕಳ ಐ.ಸಿ.ಯು., ಮಕ್ಕಳ ಶಸ್ತ್ರತಜ್ಞರು ಇಬ್ಬರೂ ಇರುವ ಕಡೆ ಹೆರಿಗೆ ಆಗಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಅದು ಸಾಧ್ಯ. 36 ವಾರದ ಹೊತ್ತಿಗೆ ಊರಿನಿಂದ ಇಲ್ಲಿಗೆ ಬಂದು ಯಾರಾದರೂ ನೆಂಟರ ಮನೆಯಲ್ಲಿ ಉಳಿದರೆ ರಾತ್ರಿ ಹೊತ್ತು ಹೈವೇಯಲ್ಲಿ ಓಡುವುದು ತಪ್ಪುತ್ತದೆ.

ಹುಟ್ಟಿದ ಮೇಲೆ ಏನೇನು ಆಗುತ್ತದೆ ಎಂದರೆ, ಮೊದಲ ದಿನವೇ ಮೂತ್ರಚೀಲಕ್ಕೆ ತೆಳುವಾದ ಟ್ಯೂಬ್ ಹಾಕಿ ಮೂತ್ರ ಬಿಡುತ್ತಾರೆ. ಸಾಮಾನ್ಯ ಊತಕ್ಕೆ 48 ಗಂಟೆ ಕಳೆದ ಮೇಲೆ ಸ್ಕ್ಯಾನ್ ಮಾಡುತ್ತೇವೆ, ಇಂಥ ಮಗುವಿಗೆ ಕಾಯುವುದಿಲ್ಲ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಮೊದಲ ದಿನ ಮಾಡಿದರೆ ಅದು ತಾಯಿಯ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ ಮೊದಲ ರಿಪೋರ್ಟ್ ನೋಡಿ ಅಳುವುದೂ ಬೇಡ, ನಗುವುದೂ ಬೇಡ. ಮತ್ತೆ ಮತ್ತೆ ಮಾಡುತ್ತಾ ಹೋಗುತ್ತಾರೆ. ಮೂತ್ರಚೀಲಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆದು ಅಡ್ಡಿ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಪೊರೆಯಾದರೆ ಸಣ್ಣ ದುರ್ಬೀನಿನಿಂದ ಅದನ್ನು ಒಡೆಯುತ್ತಾರೆ. ಮಗು ತೀರಾ ಸಣ್ಣದಿದ್ದರೆ ಕೆಲವು ತಿಂಗಳು ಹೊಕ್ಕುಳ ಕೆಳಗೆ ಮೂತ್ರಕ್ಕೆ ದಾರಿ ಮಾಡಿಕೊಡುತ್ತಾರೆ. ಮೊದಲ ವರ್ಷದಲ್ಲಿ ಕ್ರಿಯಾಟಿನಿನ್ ಎಷ್ಟು ಕೆಳಗೆ ಇಳಿಯಿತು ಎನ್ನುವುದು ದೊಡ್ಡ ಸುಳಿವು. 0.8ಕ್ಕಿಂತ ಕೆಳಗೆ ಬಂದರೆ ನಮಗೆ ಸಮಾಧಾನ.

ಆಪರೇಷನ್ ಆಯಿತು, ಮಗು ಚೆನ್ನಾಗಿ ಮೂತ್ರ ಮಾಡುತ್ತಿದೆ ಎಂದು ಆಮೇಲೆ ಬರುವುದನ್ನೇ ಬಿಟ್ಟುಬಿಡುವ ಕುಟುಂಬಗಳು ನಮ್ಮ ಕಡೆ ಬಹಳ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಕಡಿಮೆ ನೆಫ್ರಾನಿನಿಂದ ಹುಟ್ಟಿದ ಮಗುವಿನಲ್ಲಿ ಉಳಿದವು ಎಲ್ಲರ ಕೆಲಸವನ್ನೂ ಹೊತ್ತು ಮಾಡುತ್ತವೆ. ವರ್ಷ ಕಳೆದಂತೆ ಅವೂ ದಣಿಯುತ್ತವೆ. ಬಿ.ಪಿ. ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಮಗುವಿನ ಎತ್ತರ ಕುಂಠಿತವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕೆಲವು ಮಕ್ಕಳಿಗೆ ಶಾಲೆ ಮುಗಿಯುವ ಹೊತ್ತಿಗೆ ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಬೇಕಾಗುತ್ತದೆ. ಜ್ವರದ ಜೊತೆ ಮೂತ್ರದ ಸೋಂಕು ಬಂದಷ್ಟೂ ಉಳಿದ ನೆಫ್ರಾನ್ ಬೇಗ ಸವೆಯುತ್ತವೆ. ಹಾಗಾಗಿ ಮಗುವಿಗೆ ಕಾರಣ ಕಾಣದ ಜ್ವರ ಬಂದರೆ ಅಂದೇ ಮೂತ್ರ ಪರೀಕ್ಷೆ ಮಾಡಿಸಿ. ವರ್ಷಕ್ಕೆ ಒಂದೆರಡು ಸಲ ಬಿ.ಪಿ., ರಕ್ತ, ಮೂತ್ರ ಪರೀಕ್ಷೆ ಮಗು ದೊಡ್ಡದಾದ ಮೇಲೂ ನಡೆಯಲಿ. ಹಾಗೆ ಬಿಡದೆ ಬಂದ ಮಕ್ಕಳ ಕಿಡ್ನಿಯನ್ನು ವರ್ಷಗಟ್ಟಲೆ ಕಾಪಾಡಿಕೊಳ್ಳಲು ಈಗ ಒಳ್ಳೆಯ ಔಷಧಗಳಿವೆ.

ಮುಂದಿನ ಮಗುವಿನ ಬಗ್ಗೆ ಕೇಳಿದ್ದೀರಿ. ಹೆಚ್ಚಿನ ಮನೆಗಳಲ್ಲಿ ಇದು ಒಮ್ಮೆ ಬಂದು ಹೋಗುತ್ತದೆ, ಮತ್ತೆ ಬರುವುದಿಲ್ಲ. ವರ್ಣತಂತುಗಳ ಪರೀಕ್ಷೆಯಲ್ಲಿ ದೋಷ ಕಂಡರೆ ಅಥವಾ ಎರಡೂ ಮನೆತನದಲ್ಲಿ ಯಾರಿಗಾದರೂ ಹುಟ್ಟಿನಿಂದ ಕಿಡ್ನಿ ತೊಂದರೆ ಇದ್ದರೆ ಮಾತ್ರ ಅನುವಂಶೀಯ ತಜ್ಞರನ್ನು ಕಾಣಬೇಕು. ಸೋದರಿಕೆಯಲ್ಲಿ ಮದುವೆ ಆಗಿದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮುಂದಿನ ಬಸಿರಿನಲ್ಲಿ 12 ವಾರದ ಸ್ಕ್ಯಾನಿನಲ್ಲೇ ಮೂತ್ರಚೀಲದ ಉದ್ದ ಅಳೆಯಲು ಕೇಳಿ. ಅದು 7 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಹಜ. ಆಮೇಲೆ 16ನೇ ವಾರದಲ್ಲಿ ಒಮ್ಮೆ, 20ನೇ ವಾರದಲ್ಲಿ ಒಮ್ಮೆ ನೋಡಿದರೆ ಸಾಕು.